ಕೆಂಪು ಡಬ್ಬದ ಹಾಡುಗಳು

ಹೋದ ತಿಂಗಳು ಒಂದು ಭಾನುವಾರ ಮಂಚದ ಕೆಳಗಿನ ಕಬ್ಬಿಣದ ಟ್ರಂಕನ್ನು ಎಳೆದು ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಟ್ರಂಕು ನನ್ನ ಹೆಂಡತಿ ಶೈಲಾಳದು. ಅದರಲ್ಲಿ ಅವಳ ಧಾರೆ ಸೀರೆ, ಅದರ ಕೆಳಗೆ ಅವಳು ಉಡದ ಆದರೆ ಯಾರಿಗೂ ಕೊಡದ ಇನ್ನಷ್ಟು ಸೀರೆಗಳು, ಅವುಗಳ ಮಡಿಕೆಯೊಳಗೆ ರವಿಕೆ ಕಣದಲ್ಲಿ ಸುತ್ತಿದ ಒಂದು ಗಂಟು. ಗಂಟು ಬಿಚ್ಚಿದರೆ ಒಳಗೆ ನನ್ನ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕು. ಅದರ ಆಚೆಗೊಂದು ಈಚೆಗೊಂದು ಬಿಳಿಯ ನುಸಿಗುಳಿಗೆ. ಹಾರ್ಡ್ ಡಿಸ್ಕಿಗೆ ನುಸಿ ಹಿಡಿಯುವುದಿಲ್ಲ ಎಂದು ನಿಮಗೆ ನಗು ಬರಬಹುದು. ನಗುವ ಮುಂಚೆ ಹತ್ತು ವರ್ಷದ ಹಿಂದೆ ನೀವು ಕೂಡಿಟ್ಟ ಹಾಡುಗಳು ಈಗ ಎಲ್ಲಿವೆ ಎಂದು ಒಂದು ಸಲ ಯೋಚಿಸಿ ನೋಡಿ.

ಟ್ರಂಕು ತೆಗೆಯುವುದಕ್ಕೆ ಕಾರಣ ಕೆಳಗಿನ ಮನೆಯ ಮಂಜುಳಾ. ನಾವು ಚಿಕ್ಕಬಾಣಾವರದಲ್ಲಿ ಮಹಡಿಯ ಮೇಲೆ ಬಾಡಿಗೆಗಿದ್ದೇವೆ; ಕೆಳಗೆ ಮನೆಯ ಒಡತಿ ಗಂಗಮ್ಮ. ಮಂಜುಳಾ ಆಕೆಯ ಮಗಳು, ಜಿಗಣಿಗೆ ಮದುವೆಯಾಗಿ ಹೋದವಳು, ಭಾನುವಾರಕ್ಕೊಮ್ಮೆ ತಾಯಿಯನ್ನು ನೋಡಲು ಬರುತ್ತಾಳೆ. ಗಂಗಮ್ಮನಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಮಾತು, "ಅಂಗೆ." ಕಾಫಿ ಬೇಕೆಂದರೂ ಅಂಗೆ, ಬೇಡವೆಂದರೂ ಅಂಗೆ, ಸಿಟ್ಟು ಬಂದರೆ ಅದೇ ಮಾತು ಸ್ವಲ್ಪ ಜೋರಾಗಿ. ಆಕೆಯ ಬಾಯಿಯ ಜೋರು ಕಂಡವರಿಗೆ ಇದಕ್ಕಿಂತ ಸಂಕಟ ಬೇರೆ ಇರಲಿಲ್ಲ.

ಮಂಜುಳಾ ಮೇಲೆ ಬಂದವಳು ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ಅಣ್ಣ, ನೀವು ಆಗ ಕಂಪ್ಯೂಟ್ರಲ್ಲಿ ಆಡು ತುಂಬ್ಕಂತಿದ್ರಲ್ಲ, ಅದ್ರಲ್ಲಿ ಎಲ್ಲಾದ್ರೂ ಅಮ್ಮನ್ ಮಾತು ಐತಾ?"

"ಯಾಕಮ್ಮ?"

"ಫೋಟ ಬೇಕಾದಷ್ಟವೆ. ನನ್ ಮದ್ವೆ ವಿಡಿಯೊನೂ ಐತೆ. ಆದ್ರೆ ಅದ್ರಲ್ಲಿ ಅಮ್ಮ ಬಾಯ್ ತೆಗುದ್ರೆ ಸಿನಿಮಾ ಆಡು ಬತ್ತದೆ." ಒಂದು ಕ್ಷಣ ನಕ್ಕಳು. ಆಮೇಲೆ ನಗಲಿಲ್ಲ. "ಅಮ್ಮ ಎಂಗ್ ಬಯ್ತಿತ್ತು ಅಂತ ನಂಗೇ ಮರ್ತೋಯ್ತಾ ಐತೆ ಅಣ್ಣ."

"ನೋಡೋಣ," ಅಂದೆ. ಆ "ನೋಡೋಣ"ದ ಹಿಂದೆ ಎಷ್ಟು ವರ್ಷಗಳ ಬೆವರು ಮತ್ತು ಬೆಪ್ಪುತನ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ನನ್ನ ಕೆಲಸ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮಾಲಿನ ಗುಣ ಪರೀಕ್ಷೆ. ಮಷೀನಿನಿಂದ ಬಂದ ಪೀಸನ್ನು ಅಳೆದು ನೋಡಿ, ಸರಿಯಿದ್ದರೆ ಹಸಿರು ಡಬ್ಬಕ್ಕೆ, ಸರಿಯಿಲ್ಲದಿದ್ದರೆ ಮೈಗೆ ಕೆಂಪು ಬಣ್ಣ ಬಳಿದು ಕೆಂಪು ಡಬ್ಬಕ್ಕೆ ಹಾಕುವುದು. ದಿನವಿಡೀ ಹೀಗೆ ಮಾಡುವವನು ಸಂಜೆ ಮನೆಗೆ ಬಂದು ಬೇರೆ ಮನುಷ್ಯ ಆಗುತ್ತಾನೆ ಅಂದುಕೊಳ್ಳಬೇಡಿ. ಶೈಲಾ ಮಾಡಿದ ಚಪಾತಿಯ ದಪ್ಪವನ್ನು ಹೊಸದರಲ್ಲಿ ಒಮ್ಮೆ ಬೆರಳಲ್ಲಿ ಒತ್ತಿ ನೋಡಿದೆ. ಆಮೇಲೆ ಒಂದು ವಾರ ಮನೆಯಲ್ಲಿ ಅನ್ನವೇ ಆಯಿತು. ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ಜಪಾನಿನವರು ಹೇಳಿಕೊಟ್ಟ ಪಾಠ ದೊಡ್ಡ ಅಕ್ಷರದಲ್ಲಿ ಇತ್ತು: ಬೇಕಾದ್ದು ಬೇಡವಾದ್ದು ಬೇರೆ ಮಾಡು, ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ಜಾಗಕ್ಕೂ ಒಂದು ಹೆಸರು. ಅದನ್ನು ಓದುತ್ತಾ ಊಟದ ಡಬ್ಬಿ ಬಿಚ್ಚುತ್ತಿದ್ದ ನಾನು, ಎರಡು ಸಾವಿರದ ಐದಾರರ ಸುಮಾರಿಗೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡಾಗ ಮೊದಲು ಮಾಡಿದ ಸಂಕಲ್ಪವೆಂದರೆ ನನ್ನ ಹಾಡುಗಳನ್ನೆಲ್ಲ ಆ ಪಾಠದಂತೆ ಜೋಡಿಸಿಡುವುದು.

ಆ ಕಾಲದಲ್ಲಿ ಹಾಡುಗಳು ಹೇಗೆ ಸಿಗುತ್ತಿದ್ದವು ನೆನಪಿದೆಯಾ? ಪೀಣ್ಯ ಎರಡನೇ ಹಂತದ ಬಸ್ ಸ್ಟಾಪಿನ ಹತ್ತಿರ ಒಂದು ಗೂಡಂಗಡಿ. ಮುಂದೆ ಬಾಳೆಹಣ್ಣು, ಹಿಂದೆ ಕಂಪ್ಯೂಟರ್. "ಯಾವ ಹಾಡು ಬೇಕು ಅಂತ ಹೇಳ್ಬೇಡಿ ಸಾರ್, ಎಷ್ಟ್ ಬೇಕು ಅಂತ ಹೇಳಿ," ಎನ್ನುತ್ತಿದ್ದ ಅಂಗಡಿಯವನು. ಚೀಲಕ್ಕೆ ರಾಗಿ ಸುರಿದಂತೆ ಸೀಡಿಗೆ ಹಾಡು ಸುರಿದುಕೊಡುತ್ತಿದ್ದ. ವಿಜಾಪುರದ ಕಡೆಯಿಂದ ಬಂದ ನಮ್ಮ ಕಾರ್ಖಾನೆಯ ಹುಡುಗರು ಸಾಲಾಗಿ ನಿಂತು ಮೊಬೈಲಿನ ಕಾರ್ಡು ತುಂಬಿಸಿಕೊಳ್ಳುತ್ತಿದ್ದರು. ಅವರು ಅಲ್ಲಿಂದಲೇ ಕಿವಿಗೆ ಸಿಕ್ಕಿಸಿಕೊಂಡು ಹಾಡು ಕೇಳುತ್ತಾ ಹೋಗುತ್ತಿದ್ದರು. ನಾನು ಮಾತ್ರ ಮನೆಗೆ ತಂದು ಬಿಚ್ಚಿ ಪರೀಕ್ಷೆಗೆ ಕೂರುತ್ತಿದ್ದೆ.

ಪರೀಕ್ಷೆ ಶುರುವಾದರೆ ಒಂದೊಂದೂ ರಿಜೆಕ್ಟೇ. 'ಮಿಕ್ಸ್' ಎಂಬ ಫೋಲ್ಡರಿನ ಒಳಗೆ 'ನ್ಯೂ ಮಿಕ್ಸ್', ಅದರೊಳಗೆ 'ನ್ಯೂ ನ್ಯೂ ಮಿಕ್ಸ್'. ಗಾಯಕರ ಹೆಸರಿನ ಜಾಗದಲ್ಲಿ ಯಾವುದೋ ವೆಬ್‌ಸೈಟಿನ ಹೆಸರು. ಲೆಕ್ಕ ಹಾಕಿದರೆ ನನ್ನ ಸಂಗ್ರಹದಲ್ಲಿ ಅತಿ ಹೆಚ್ಚು ಹಾಡು ಹಾಡಿದವರು ಆ ವೆಬ್‌ಸೈಟಿನವರೇ. ಗಂಡಿನ ದನಿಯಲ್ಲೂ ಅವರೇ, ಹೆಣ್ಣಿನ ದನಿಯಲ್ಲೂ ಅವರೇ. ಒಬ್ಬನೇ ಗಾಯಕ ನಾಲ್ಕು ಬಗೆಯ ಸ್ಪೆಲ್ಲಿಂಗಿನಲ್ಲಿ ನಾಲ್ಕು ಜನವಾಗಿದ್ದ. ಹಾಡಿನ ಜಾತಿ ಯಾವುದೆಂದು ತುಂಬುವ ಕಡೆ ಕಂಪ್ಯೂಟರು ತಾನಾಗಿಯೇ 'ಬ್ಲೂಸ್' ಎಂದು, ಅಮೆರಿಕದ ಯಾವುದೋ ದುಃಖದ ಹಾಡಿನ ಹೆಸರನ್ನು, ಬರೆದುಬಿಡುತ್ತಿತ್ತು. ಹೀಗಾಗಿ ಶನಿವಾರ ಹೇಳುವ ದೇವರನಾಮ, ಸೋಬಾನೆ ಪದ, ಮಗು ಮಲಗಿಸುವ ಜೋಗುಳ ಎಲ್ಲವೂ ನಮ್ಮ ಮನೆಯಲ್ಲಿ ಬ್ಲೂಸ್ ಆಗಿ ಕೂತಿದ್ದವು. ಇವುಗಳನ್ನು ಒಂದೊಂದಾಗಿ ತಿದ್ದುತ್ತಾ ನಾನು ಎಷ್ಟೋ ಭಾನುವಾರ ಕಳೆದೆ. ಒಂದು ಭಾನುವಾರ ಶೈಲಾ ಕೇಳಿದಳು:

"ಇಷ್ಟು ಹೊತ್ತು ಹಾಡಿನ ಮುಂದೆ ಕೂತಿದ್ದೀರಲ್ಲ, ಒಂದಾದ್ರೂ ಕೇಳಿದ್ರಾ?"

"ಮೊದ್ಲು ಜೋಡಿಸಿ ಆಗ್ಲಿ, ಆಮೇಲೆ ಕೇಳೋದು ಇದ್ದೇ ಇದೆ."

ಅವಳು ರೇಡಿಯೊ ಹಾಕಿಕೊಂಡು ಹುರುಳಿಕಾಯಿ ಬಿಡಿಸಲು ಹೋದಳು.

ಅಸಲಿ ಯುದ್ಧ ಶುರುವಾದದ್ದು ಕ್ಯಾಸೆಟ್ಟುಗಳಿಂದ. ಮದುವೆಗೆ ಮುಂಚೆ ಒಂದೊಂದಾಗಿ ಕೊಂಡ ಕ್ಯಾಸೆಟ್ಟುಗಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿದ್ದವು: ಭಾವಗೀತೆ, ಜನಪದ, ಹರಿಕಥೆ. ರೀಲಿನ ಮೇಲೆ ಬಿಳಿ ಬೂಷ್ಟು ಹತ್ತುತ್ತಿತ್ತು. ಬೇಗ ಕಂಪ್ಯೂಟರಿಗೆ ಇಳಿಸದಿದ್ದರೆ ಅವು ಉಳಿಯುವುದಿಲ್ಲ ಎಂದು ನನಗೆ ನಿದ್ದೆ ಬಾರದಾಯಿತು. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಹಾಕಿದರೆ ಕಂಪ್ಯೂಟರಿನ ಆ ತೂತು ಸತ್ತಿತ್ತು. ಮಾರಿದವನನ್ನು ಕೇಳಿದರೆ, "ಅದಕ್ಕೇ ಸಾರ್ ಕಮ್ಮಿ ರೇಟಿಗೆ ಕೊಟ್ಟಿದ್ದು," ಎಂದು ಒಂದು ಮೈಕು ಕೊಟ್ಟು ಕಳಿಸಿದ. ಅಂದರೆ ವ್ಯವಸ್ಥೆ ಹೀಗೆ: ಟೇಪ್ ರೆಕಾರ್ಡರಿನಲ್ಲಿ ಹಾಡು ಹಚ್ಚುವುದು, ಅದರ ಮುಂದೆ ಮೈಕು ನಿಲ್ಲಿಸುವುದು, ಕ್ಯಾಸೆಟ್ಟು ಮುಗಿಯುವ ತನಕ ಮನೆಯಲ್ಲಿ ಯಾರೂ ಉಸಿರೆತ್ತದೆ ಇರುವುದು.

ಚಿಕ್ಕಬಾಣಾವರದಲ್ಲಿ ಒಂದು ಗಂಟೆ ನಿಶ್ಶಬ್ದ ಹುಡುಕುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ರೈಲು ಸ್ಟೇಷನ್ನು ಹತ್ತಿರದಲ್ಲೇ ಇತ್ತು. ಪ್ರತಿ ಪಲ್ಲವಿಗೂ ಒಂದು ಗೂಡ್ಸ್ ಗಾಡಿ ಕೂಗುತ್ತಿತ್ತು. ನೀರಿನ ಟ್ಯಾಂಕರಿನವನು ಹಾರನ್ ಒತ್ತುವುದಕ್ಕೆ ಚರಣದ ತನಕ ಕಾಯುತ್ತಿದ್ದ. ಎಲ್ಲ ಸರಿಹೋಯಿತು ಎನ್ನುವಾಗ ಕರೆಂಟ್ ಹೋಗುತ್ತಿತ್ತು. ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ಗಂಗಮ್ಮ.

ಗಂಗಮ್ಮನದು ಊರಿನ ಹಳೆಯ ಮನೆತನ. ಸೀಬೆ ತೋಟ ಸೈಟುಗಳಾದ ಮೇಲೆ ಮನೆಯ ಮೇಲೊಂದು ಮನೆ ಕಟ್ಟಿಸಿ ನಮಗೆ ಬಾಡಿಗೆಗೆ ಕೊಟ್ಟಿದ್ದರು. ತೋಟ ಹೋಗಿದ್ದರೂ ತೋಟದ ಈ ತುದಿಯಿಂದ ಆ ತುದಿಯವರನ್ನು ಕೂಗುವ ಗಂಟಲು ಹಾಗೇ ಉಳಿದಿತ್ತು. ನಲ್ಲಿಯಲ್ಲಿ ನೀರು ಬಂದರೆ, ನಮ್ಮ ಗೋಡೆಯಲ್ಲಿದ್ದ ಮೋಟರಿನ ಸ್ವಿಚ್ಚು ಹಾಕಲು ಶೈಲಾಳನ್ನು ಅದೇ ಗಂಟಲಿನಲ್ಲಿ ಕೂಗುತ್ತಿದ್ದರು. ಕಾಂಪೌಂಡಿನಲ್ಲಿ ಕೋಳಿ ಸಾಕಿದ್ದರು. ತಾರಸಿಯ ಮೇಲೆ ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಮೇಲೆ ಬಂದು, ಶೈಲಾಳ ಕಾಫಿ ಕುಡಿದು, ನನ್ನ ಮೈಕಿನ ಪಕ್ಕದಲ್ಲೇ ಗೋಡೆಗೆ ಒರಗಿ ಕಾಲು ಚಾಚುತ್ತಿದ್ದರು. ಹಾಡು ಕೇಳುವುದು ಅವರಿಗೆ ಇಷ್ಟವೇ. ಆದರೆ ಕೇಳುವುದು ಎಂದರೆ ಹಾಡಿನ ಜೊತೆ ಮಾತಾಡುವುದು ಎಂದು ಅವರು ತಿಳಿದಿದ್ದರು. ಒಂದು ಸಲ ವಿರಹದ ಭಾವಗೀತೆಯೊಂದು ನಡೆಯುತ್ತಿತ್ತು.

"ಸೈಲಾ, ಈವಯ್ಯ ಯಾಕೆ ಇಂಗ್ ಅಳ್ತವ್ನೆ? ಎಂಡ್ತಿ ಬುಟ್ಟೋದ್ಲಾ?"

ನಾನು ತುಟಿಯ ಮೇಲೆ ಬೆರಳಿಟ್ಟೆ.

"ಅಯ್ಯೋ, ನಾನೇನ್ ಮಾತಾಡ್ದೆ? ಸುಮ್ಕೆ ಕುಂತಿವ್ನಿ. ಓಗ್ಲಿ ಬುಡು, ವೋದೋಳು ವೋದ್ಲು, ಇವ್ನು ಒಸಿ ಉಂಡು ಮನಿಕೊಳ್ಳಾದಲ್ವಾ?"

ಆ ಕವಿಯ ದುಃಖಕ್ಕೆ ಇಷ್ಟು ಖಡಕ್ಕಾದ ಪರಿಹಾರವನ್ನು ಯಾವ ವಿಮರ್ಶಕರೂ ಹೇಳಿರಲಿಲ್ಲ. ಆದರೆ ನನಗೆ ಆಗ ಹಾಡು ಹಾಳಾಯಿತೆಂಬ ಸಿಟ್ಟು.

ಬೇರೆ ದಾರಿ ಕಾಣದೆ ಕಾರ್ಖಾನೆಯ ಬುದ್ಧಿ ಓಡಿಸಿ ಒಂದು ಬೋರ್ಡು ಬರೆದು ಬಾಗಿಲಿಗೆ ತೂಗುಹಾಕಿದೆ: 'ರೆಕಾರ್ಡಿಂಗ್ ನಡೆಯುತ್ತಿದೆ. ಸದ್ದು ಮಾಡಬೇಡಿ.' ನಾನು ಮರೆತದ್ದು ಒಂದೇ. ಗಂಗಮ್ಮ ಹಿಂದಿನ ವರ್ಷವಷ್ಟೇ ವಯಸ್ಕರ ಶಾಲೆಗೆ ಹೋಗಿ ಅಕ್ಷರ ಕಲಿತಿದ್ದರು. ಕಲಿತ ಮೇಲೆ ಉಪ್ಪಿನ ಪೊಟ್ಟಣವನ್ನೂ ಬಸ್ಸಿನ ಬೋರ್ಡನ್ನೂ ಬಿಡದೆ ಓದುತ್ತಿದ್ದರು, ಅದೂ ಗಟ್ಟಿಯಾಗಿ. ಅಂದು ಹರಿಕಥೆಯಲ್ಲಿ ದಾಸರು ದನಿ ತಗ್ಗಿಸಿ, ತಂಬೂರಿಯ ಶ್ರುತಿಯೊಂದೇ ಉಳಿದಿದ್ದ ಗಳಿಗೆಯಲ್ಲಿ ಬಾಗಿಲ ಹೊರಗಿನಿಂದ ಕೇಳಿಸಿತು:

"ಸ... ದ್ದು... ಸದ್ದು. ಮಾ... ಡ... ಬೇ... ಡಿ. ಸದ್ದು ಮಾಡಬೇಡಿ! ಇದ್ಯಾರ್ಗೆ ಯೋಳಿರಾದು? ನಂಗಾ?"

ಹೀಗೆ ಹಾಳಾದ ರೆಕಾರ್ಡಿಂಗುಗಳನ್ನು ಏನು ಮಾಡುವುದು? ಇಲ್ಲಿ ನಮ್ಮ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ಕೆಂಪು ಡಬ್ಬಕ್ಕೆ ಬಿದ್ದ ಮಾಲನ್ನು ಯಾರೂ ಹಾಗೆಯೇ ಗುಜರಿಗೆ ಎಸೆಯುವಂತಿಲ್ಲ. ರಿಜೆಕ್ಟ್ ಮಾಡಿದವನದೊಂದು ಸಹಿ, ಇನ್ನೊಂದು ವಿಭಾಗದವರದೊಂದು ಸಹಿ, ಎರಡೂ ಬೀಳಬೇಕು. ಒಬ್ಬನ ಕಣ್ಣು ತಪ್ಪಬಹುದು, ಇಬ್ಬರದು ತಪ್ಪಲಾರದು ಎಂಬ ನಂಬಿಕೆ. ನಾನು ಕಂಪ್ಯೂಟರಿನಲ್ಲೂ 'ಕೆಂಪು ಡಬ್ಬ' ಎಂಬ ಫೋಲ್ಡರ್ ಮಾಡಿದೆ. ಪ್ರತಿಯೊಂದಕ್ಕೂ ದೋಷದ ಹೆಸರನ್ನೇ ಇಟ್ಟೆ: 'ಗೂಡ್ಸ್ ಗಾಡಿ', 'ಕುಕ್ಕರ್', 'ಕರೆಂಟ್ ಹೋಯಿತು', 'ಗಂಗಮ್ಮ', 'ಗಂಗಮ್ಮ ಮತ್ತೆ', 'ಗಂಗಮ್ಮ ಮತ್ತು ಕೋಳಿ'. ಎರಡನೆಯ ಸಹಿಗೆ ಶೈಲಾಳನ್ನು ನೇಮಿಸಿದೆ. ಸಹಿ ಎಂದರೆ "ಅಳಿಸಿ" ಎಂದು ಅವಳು ಬಾಯಲ್ಲಿ ಹೇಳಿದರೆ ಸಾಕಿತ್ತು.

"ಕೇಳ್ದೇನೇ ಹೇಗ್ರೀ ಹೇಳೋದು? ಬಿಡುವಾದಾಗ ಕೇಳಿ ಹೇಳ್ತೀನಿ," ಅಂದಳು.

ವರ್ಷಗಟ್ಟಲೆ ಅವಳಿಗೆ ಬಿಡುವಾಗಲಿಲ್ಲ. ನಾನು ಜ್ಞಾಪಿಸಿದಾಗಲೆಲ್ಲ "ಇನ್ನೂ ಆಗಿಲ್ಲ" ಎನ್ನುತ್ತಿದ್ದಳು. ಇನ್ನೊಬ್ಬನಾಗಿದ್ದರೆ ಹೆಂಡತಿಯನ್ನು ಕೇಳದೆ ಅಳಿಸಿ ಕೈ ತೊಳೆದುಕೊಳ್ಳುತ್ತಿದ್ದ. ಆದರೆ ಎರಡು ಸಹಿ ಎಂದರೆ ಎರಡು ಸಹಿ. ನಿಯಮ ಮುರಿದರೆ ಮಾರನೆಯ ದಿನ ಯಾವ ಮುಖ ಹೊತ್ತು ಕಾರ್ಖಾನೆಗೆ ಹೋಗುವುದು?

ಈ ಮಧ್ಯೆ ಹಸಿರು ಡಬ್ಬ ಬೆಳೆಯುತ್ತಲೇ ಇತ್ತು. ಗಂಗಮ್ಮ ನೆಂಟರ ಮನೆಗೆ ಹೋದ ದಿನ ನೋಡಿಕೊಂಡು ಮತ್ತೆ ರೆಕಾರ್ಡ್ ಮಾಡಿದೆ. ಉಳಿದದ್ದನ್ನು ಇಂಟರ್‌ನೆಟ್ಟಿನಿಂದ ಇಳಿಸಿದೆ. ಪ್ರತಿ ಹಾಡಿಗೂ ಹೆಸರು, ಇಸವಿ, ಕ್ಯಾಸೆಟ್ಟಿನ ಹೊದಿಕೆಯ ಚಿತ್ರ. ಇಡೀ ಸಂಗ್ರಹವನ್ನು ಕರಿಯ ಹೊಳೆಯುವ ಒಂದು ಹೊಸ ಎಕ್ಸ್‌ಟರ್ನಲ್ ಡಿಸ್ಕಿಗೆ ಸಾಗಿಸಿ, ಹಳೆಯದರಲ್ಲಿ ಜಾಗ ಖಾಲಿ ಮಾಡಿ, ಸಾಲಾಗಿ ನಿಂತ ಹೆಸರುಗಳನ್ನು ನೋಡಿದಾಗ ಕಣ್ಣು ತುಂಬಿ ಬಂತು. ಅಂಥ ಶಿಸ್ತಿನ ಸಂಗ್ರಹ ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಯ ತನಕ ಯಾರಲ್ಲೂ ಇರಲಿಲ್ಲ. ಇನ್ನು ಕೇಳುವುದೊಂದೇ ಬಾಕಿ.

ಆ ಡಿಸ್ಕು ಒಂದು ಬೆಳಿಗ್ಗೆ 'ಟಿಕ್ ಟಿಕ್' ಎಂದು ಹಲ್ಲಿಯ ಹಾಗೆ ಲೊಚಗುಟ್ಟಿ ಸುಮ್ಮನಾಯಿತು. ಬಿದ್ದಿರಲಿಲ್ಲ, ನೆನೆದಿರಲಿಲ್ಲ, ಅದಕ್ಕೇ ಬೇಜಾರಾಗಿತ್ತೋ ಏನೋ. ರಿಪೇರಿಯವನೊಬ್ಬ ಹಾಡು ಹೊರತೆಗೆಯಲು ಹೇಳಿದ ದುಡ್ಡಿನಲ್ಲಿ ಹಾಡುಗಾರರನ್ನೇ ಮನೆಗೆ ಕರೆಸಬಹುದಿತ್ತು. ಇನ್ನೊಂದು ಪ್ರತಿ ಇಟ್ಟಿಲ್ಲವಾ ಎಂದು ಎಲ್ಲರೂ ಕೇಳಿದರು. ಇಡಬೇಕೆಂದಿದ್ದೆ, ಆದರೆ ಆಮೇಲೆ ಬಂದ ಹಾಡುಗಳನ್ನೂ ಜೋಡಿಸಿ ಮುಗಿಯದೆ ಪ್ರತಿ ಮಾಡುವುದು ಹೇಗೆ? ಒಂದು ತಿಂಗಳು ಮನೆಯಲ್ಲಿ ಸೂತಕದ ಕಳೆ. ಗಂಗಮ್ಮ ಮೇಲೆ ಬಂದು ಸಮಾಧಾನ ಹೇಳಿದರು: "ಓಗ್ಲಿ ಬುಡಪ್ಪ. ಆಡು ಆಡ್ದೋರು ಅವ್ರಲ್ಲ, ಇನ್ನೊಂದ್ ಕಿತ ಆಡ್ತಾರೆ." ಆಮೇಲೆ ಫೋನಿನಲ್ಲೇ ಬೇಕಾದ ಹಾಡು ಬೇಕಾದಾಗ ಬರುವ ಕಾಲ ಬಂತು. ಹಾಡು ಈಗ ನನ್ನದಲ್ಲ, ತಿಂಗಳ ಬಾಡಿಗೆಯದು. ನಾನೂ ಬಾಡಿಗೆಯವನೇ ಆದ್ದರಿಂದ ಬೇಗ ಒಗ್ಗಿಕೊಂಡೆ.

ಹಳೆಯ ಕಂಪ್ಯೂಟರನ್ನು ಗುಜರಿಯವನಿಗೆ ಕೊಡುವಾಗ ಶೈಲಾ ಅಡ್ಡ ಬಂದು, ಒಳಗಿನ ಡಿಸ್ಕನ್ನು ಮಾತ್ರ ಬಿಚ್ಚಿಕೊಡಲು ಹೇಳಿದ್ದಳು. ಹೊಸ ಡಿಸ್ಕಿಗೆ ನಾನು ಹಾಕಿದ್ದು ಹಸಿರು ಡಬ್ಬವನ್ನು ಮಾತ್ರ. ಕೆಂಪು ಡಬ್ಬ ಸಹಿಯಿಲ್ಲದೆ ಹಳೆಯದರಲ್ಲೇ ಉಳಿದಿತ್ತು. ಈಗ ತಿಳಿಯಿತಲ್ಲ, "ನೋಡೋಣ" ಎಂದಷ್ಟೇ ನಾನು ಯಾಕೆ ಹೇಳಿದೆ ಎಂದು.

ಹತ್ತು ವರ್ಷಕ್ಕೂ ಹಳೆಯ ಡಿಸ್ಕು. ಅದನ್ನು ಈಗಿನ ಕಂಪ್ಯೂಟರಿಗೆ ಜೋಡಿಸುವ ವೈರು ಹುಡುಕಲು ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಅರ್ಧ ದಿನ ಅಲೆದೆ. "ಇದಿನ್ನೂ ಇಟ್ಕೊಂಡಿದ್ದೀರಾ ಸಾರ್?" ಎಂದು ಅಂಗಡಿಯವರು ಅದನ್ನು ಅಗೆದು ತೆಗೆದ ಮಡಕೆಯಂತೆ ತಿರುಗಿಸಿ ನೋಡಿದರು. ಮುಂದಿನ ಭಾನುವಾರ ಮಂಜುಳಾ ಬಂದಾಗ ವೈರು ಚುಚ್ಚಿದೆ. ಮೊದಲು ಏನೂ ಆಗಲಿಲ್ಲ. ಅವಳು ನನ್ನ ಹಿಂದೆ ನಿಂತು ಸೆರಗಿನ ತುದಿ ಸುತ್ತುತ್ತಿದ್ದಳು. ನಾನು ದೇವರನ್ನು ಅಷ್ಟಾಗಿ ಕರೆಯುವವನಲ್ಲ. ಆ ಗಳಿಗೆಯಲ್ಲಿ ಕರೆದೆ. ಶೈಲಾ ಬಂದು ವೈರನ್ನು ಕಿತ್ತು, ಊದಿ, ಮತ್ತೆ ಚುಚ್ಚಿದಳು. ಡಿಸ್ಕು ಗರ್ ಎಂದು ತಿರುಗಿತು. ಹೊರಬಂದದ್ದು ನುಸಿಗುಳಿಗೆಯ ವಾಸನೆ, ಆಮೇಲೆ ಕೆಂಪು ಡಬ್ಬ.

ನನ್ನ ಆ ಮಹಾಸಂಗ್ರಹದಲ್ಲಿ ಬೇಕಾದ ಹಾಡು ಬೇಕಾದಾಗ ಎಂದೂ ಸಿಕ್ಕಿರಲಿಲ್ಲ. ಇಲ್ಲಿ ಹುಡುಕಲೇ ಬೇಕಾಗಲಿಲ್ಲ. ಗಂಗಮ್ಮ, ಗಂಗಮ್ಮ ಮತ್ತೆ, ಗಂಗಮ್ಮ ಮತ್ತು ಕೋಳಿ.

"ಇಷ್ಟೊಂದಾ!" ಎಂದಳು ಮಂಜುಳಾ.

"ನೀನು ಇದನ್ನೆಲ್ಲ ಕೇಳೋಕೆ ಬಿಡುವಾಗಲೇ ಇಲ್ಲ ಅಂದಿದ್ದೆ," ಎಂದೆ ಶೈಲಾಳಿಗೆ.

"ಕೇಳಿ ಆಗಿತ್ತು ಕಣ್ರೀ, ಆಗ್ಲೇ. ನೀವು ಡ್ಯೂಟಿಗೆ ಹೋದ್ಮೇಲೆ ನಾನೂ ಗಂಗಮ್ಮನೂ ಕೇಳ್ಕೊಂಡು ನಗ್ತಿದ್ವಿ. ಅಳಿಸಿ ಅಂತ ಹೇಳೋಕೆ ಮನಸ್ಸು ಬರ್ಲಿಲ್ಲ." ಅಷ್ಟು ಹೇಳಿ ಕಂಪ್ಯೂಟರನ್ನು ಕೆಳಗೆ ತರಲು ಹೇಳಿದಳು.

ಕೆಳಗೆ ಗಂಗಮ್ಮ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ನಾನು ಹರಿಕಥೆಯದನ್ನು ಹಚ್ಚಿದೆ. ದಾಸರು ದನಿ ತಗ್ಗಿಸಿದರು, ತಂಬೂರಿ ಉಳಿಯಿತು. ಆಮೇಲೆ ಆ ದನಿ, ಗೋಡೆ ನಡುಗಿಸುವಂಥದ್ದು, ಒಂದೊಂದೇ ಅಕ್ಷರ ಕೂಡಿಸುತ್ತಾ ಬಂತು. ಸದ್ದು ಮಾಡಬೇಡಿ. ಇದ್ಯಾರ್ಗೆ ಯೋಳಿರಾದು? ನಂಗಾ?

ಗಂಗಮ್ಮ ತಲೆಯೆತ್ತಿದರು. ಎಡಗೈಯನ್ನು ಮೆಲ್ಲಗೆ ಎತ್ತಿ ಎದೆಯ ಮೇಲಿಟ್ಟುಕೊಂಡು, "ಅಂಗೆ," ಅಂದರು. ಮತ್ತೊಮ್ಮೆ, ನಗುತ್ತಾ, "ಅಂಗೆ!" ಅದರ ಬೆನ್ನಿಗೇ ಕಂಪ್ಯೂಟರಿನೊಳಗಿನಿಂದ ಇನ್ನೊಂದು ದನಿ, ಸಿಡುಕಿನದು: "ಗಂಗಮ್ಮ, ಸ್ವಲ್ಪ ಸುಮ್ನಿರ್ತೀರಾ?" ಅದು ನನ್ನದು. ಮಂಜುಳಾ ಕಣ್ಣೊರೆಸಿಕೊಳ್ಳುತ್ತಲೇ ಜೋರಾಗಿ ನಕ್ಕಳು. ನನಗೆ ನಗಲು ಸ್ವಲ್ಪ ಹೊತ್ತು ಹಿಡಿಯಿತು.

ಈಗ ಕೆಂಪು ಡಬ್ಬದ ಪ್ರತಿಗಳು ಮಂಜುಳಾಳ ಫೋನಿನಲ್ಲಿ, ಶೈಲಾಳ ಫೋನಿನಲ್ಲಿ, ಗಂಗಮ್ಮನ ಕಿಟಕಿಯ ಮೇಲಿನ ಪುಟ್ಟ ಸ್ಪೀಕರಿನಲ್ಲಿ ಇವೆ. ಹೆಸರು ತಿದ್ದಿಲ್ಲ. ಜಾತಿಯ ಜಾಗದಲ್ಲಿ ಈಗಲೂ ಬ್ಲೂಸ್ ಎಂದೇ ಇದೆ, ಇರಲಿ ಬಿಡಿ. ಹಾರ್ಡ್ ಡಿಸ್ಕು ಹೊಸ ನುಸಿಗುಳಿಗೆಗಳ ಜೊತೆ ಟ್ರಂಕಿಗೆ ವಾಪಸ್ಸು ಹೋಗಿದೆ. ಈ ಸಲ ಗುಳಿಗೆ ತಂದವನು ನಾನೇ.

ಇವತ್ತು ಇದನ್ನು ಬರೆಯುತ್ತಾ ಕೂತಿದ್ದಾಗ ಕೆಳಗಿನಿಂದ ಹಳೆಯ ಗಂಟಲಿನಲ್ಲಿ ಕೂಗು ಬಂತು: "ಸೈಲಾ, ನೀರ್ ಬಂದೈತೆ, ಮೋಟ್ರು ಆಕು!" ಪೆನ್ನು ಕೆಳಗಿಟ್ಟು ದಡಬಡ ಎದ್ದು ಹೋದೆ. ಮೋಟರಿನ ಸ್ವಿಚ್ಚನ್ನು ಎಂದೋ ತೆಗೆದು ಮುಚ್ಚಿ ಸುಣ್ಣ ಬಳಿದಿದ್ದಾರೆ. ನನ್ನ ಬೆರಳು ಬರಿಯ ಗೋಡೆಯನ್ನು ಒತ್ತಿ ನಿಂತಿತ್ತು; ಕೆಳಗೆ ಸ್ಪೀಕರಿನಲ್ಲಿ ಹಾಡು ಮುಂದುವರಿದಿತ್ತು. ಅಡಿಗೆಮನೆಯ ಬಾಗಿಲಲ್ಲಿ ಶೈಲಾ ನೋಡುತ್ತಾ ನಿಂತಿದ್ದಳು.

"ನಿನ್ನೆ ನಾನೂ ಹೋಗಿ ಒತ್ತಿದೆ ಕಣ್ರೀ," ಅಂದಳು.